ತೆಂಕಣ ಗಾಳಿಗೆ ಕಿಟಕಿ ತೆರೆಯದ ರಾಟ್ಕಮ್ಮ

ಬೆಳಗಿನ ಆರೂ ಕಾಲು. ಸಿಡ್ನಿಯಿಂದ ತೆಂಕಣಕ್ಕಿರುವ ಬಂದರು ಪೋರ್ಟ್ ಕೆಂಬ್ಲಾದಲ್ಲಿ ಉಕ್ಕಿನ ಕಾರ್ಖಾನೆಯ ಬೇಲಿಗೆ ಬೆನ್ನು ಕೊಟ್ಟು ನಿಂತಿರುವ ಮೂರಂತಸ್ತಿನ ಸಂಶೋಧನಾಲಯ. ಅದರ ಹಿಂಬದಿಯ ಮೆಟ್ಟಿಲುಗಳನ್ನು ರಾಟ್ಕಾ ಸ್ಟೊಯಾನೊವ್ಸ್ಕಾ ಇಳಿಯುತ್ತಿದ್ದಾರೆ. ಮೆಟ್ಟಿಲು ಮೂವತ್ತೆಂಟು, ವಯಸ್ಸು ಅರವತ್ತೆರಡು, ನೆಟ್ಟಗಿರುವ ಮಂಡಿ ಒಂದು. ಇನ್ನೊಂದು ಮಂಡಿ ಪ್ರತಿ ಮೆಟ್ಟಿಲಿಗೂ ಎಂಥ ಸದ್ದು ಮಾಡುತ್ತದೆಂದರೆ, ಬಂದರಿನಲ್ಲಿ ಮಲಗಿದ್ದ ಕಲ್ಲಿದ್ದಲ ಹಡಗೊಂದು ಇದೇನೋ ಸನ್ನೆ ಎಂದುಕೊಂಡು ಲಂಗರು ಎತ್ತಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅವರ ಬಲಗೈಯಲ್ಲಿ ಬೆರಳುದ್ದದ ಗಾಜಿನ ಶೀಶೆ. ಬಿಗಿ ಮುಚ್ಚಳ, ಮುಚ್ಚಳದ ಸುತ್ತ ಮೇಣ. ಒಳಗೆ ಒಂದು ಚಮಚ ಪುಡಿ.

ಅಂಗಳದ ಹುಲ್ಲಿನ ಮೇಲೆ ಗಲಾಗಳು ಇಳಿದಿವೆ. ಗುಲಾಬಿ ಎದೆ, ಬೂದು ರೆಕ್ಕೆಯ ಈ ದೊಡ್ಡ ಗಿಳಿಗಳು ಪೆದ್ದತನಕ್ಕೆ ಹೆಸರುವಾಸಿ. ಯಾರಾದರೂ ಎಡವಟ್ಟು ಮಾಡಿದರೆ ಇಲ್ಲಿ ಬೈಯುವುದೇ 'ಗಲಾ' ಎಂದು. ರಾಟ್ಕಮ್ಮ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂರುತ್ತಾರೆ. ಶೀಶೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಪುಡಿಯ ಪಕ್ಕಕ್ಕೆ ಒಂದು ಹಕ್ಕಿ ಬರುವಂತೆ ಹಿಡಿಯುತ್ತಾರೆ. ಸಮುದ್ರದ ಕಡೆಯಿಂದ ಬೆಳಕು ಇನ್ನೊಂದು ಚೂರು ಏರಲಿ ಎಂದು ಕಾಯುತ್ತಾರೆ. ಆಮೇಲೆ ಒಂದೇ ಮಾತು.

"ಎದೆ."

ಅಷ್ಟೇ. ಎದ್ದು, ಮತ್ತೆ ಮೂವತ್ತೆಂಟು ಮೆಟ್ಟಿಲು ಹತ್ತುತ್ತಾರೆ. ಪುಡಿ ಹಕ್ಕಿಯ ಎದೆಯ ಬಣ್ಣಕ್ಕೆ ಹೊಂದಿದರೆ ಸರಕು ಗಟ್ಟಿ. ರೆಕ್ಕೆಯ ಬಣ್ಣಕ್ಕೆ ತಿರುಗಿದ್ದರೆ ಹದಿನೈದು ದಿನದ ದುಡಿಮೆ ತಿಪ್ಪೆಗೆ. ಮೇಲಿನ ಮಹಡಿಯಲ್ಲಿ ಮನೆಯಷ್ಟು ಬೆಲೆಬಾಳುವ ಸೂಕ್ಷ್ಮದರ್ಶಕವಿದೆ. ಅದೂ ಎರಡು ದಿನ ಯೋಚಿಸಿ ಇದೇ ತೀರ್ಪು ಕೊಡುತ್ತದೆ. ಇಪ್ಪತ್ತೆಂಟು ವರ್ಷದಲ್ಲಿ ಯಂತ್ರಕ್ಕೂ ರಾಟ್ಕಮ್ಮನಿಗೂ ಮೂರು ಸಲ ಭಿನ್ನಾಭಿಪ್ರಾಯ ಬಂದಿದೆ. ಮೂರು ಸಲವೂ ರಿಪೇರಿಗೆ ಹೋದದ್ದು ಯಂತ್ರ.

ಈ ಪುಡಿಯ ಹೆಸರು ಕ್ರಿಯಾವರ್ಧಕ. ನಮ್ಮ ಕಡೆಯ ಮದುವೆ ದಲ್ಲಾಳಿಯನ್ನು ನೆನೆಸಿಕೊಳ್ಳಿ. ಗಂಡನ್ನೂ ಹೆಣ್ಣನ್ನೂ ಒಂದು ಜಗಲಿಗೆ ತಂದು ಕೂರಿಸುತ್ತಾನೆ, ಮಾತು ಮುಗಿಸುತ್ತಾನೆ, ತಾನು ಮಾತ್ರ ಬ್ರಹ್ಮಚಾರಿಯಾಗಿಯೇ ಉಳಿದು ಮುಂದಿನ ಮನೆಗೆ ಹೊರಡುತ್ತಾನೆ. ಈ ಪುಡಿಯೂ ಹಾಗೆ. ಒಂದು ಕಡೆ ಬೆಂಜೈಲ್ ಆಲ್ಕೋಹಾಲ್ ಎಂಬ ಎಣ್ಣೆಯಂಥ ದ್ರವ, ಇನ್ನೊಂದು ಕಡೆ ಗಾಳಿಯ ಆಮ್ಲಜನಕ. ಎರಡನ್ನೂ ಸೇರಿಸಿ ಬಾದಾಮಿ ಪರಿಮಳದ ಸುಗಂಧ ಎಣ್ಣೆ ಮಾಡಿಸುತ್ತದೆ. ಈವರೆಗೆ ಕಾರ್ಖಾನೆಗಳು ಈ ಮದುವೆಯನ್ನು ದ್ರಾವಕಗಳಲ್ಲಿ ನಡೆಸುತ್ತಿದ್ದವು. ಗಂಡು ಹೆಣ್ಣು ಇಬ್ಬರೇ ಇರುವ ಮದುವೆಗೆ ಸಾವಿರ ಜನರ ಛತ್ರ ಹಿಡಿದಂತೆ. ಮದುವೆ ಮುಗಿದ ಮೇಲೆ ಛತ್ರ ತೊಳೆಯುವ ಖರ್ಚು, ಎಂಜಲೆಲೆ ಎಸೆಯುವ ತಾಪತ್ರಯ, ಮೂಗು ಸುಡುವ ನಾತ. ರಾಟ್ಕಮ್ಮನ ಪುಡಿಗೆ ಛತ್ರ ಬೇಡ. ದ್ರಾವಕ ಒಂದು ತೊಟ್ಟೂ ಇಲ್ಲದೆ ಜಗಲಿಯ ಮೇಲೇ ತಾಳಿ ಕಟ್ಟಿಸುತ್ತದೆ.

ಪುಡಿಯ ಗುಟ್ಟೆಲ್ಲ ತೂತಿನಲ್ಲಿದೆ. ಎಲ್ಲರ ಮನೆ ದೋಸೆಯೂ ತೂತೇ, ಆದರೆ ರಾಟ್ಕಮ್ಮನ ದೋಸೆಯ ತೂತು ಕೂದಲೆಳೆಯನ್ನು ಹತ್ತು ಸಾವಿರ ಸಲ ಸೀಳಿದರೆ ಸಿಗುವಷ್ಟು ಸಣ್ಣದು. ಮರಳಿನ ಜಾತಿಯ ಬಿಳಿ ಸಿಲಿಕಾವನ್ನು ಸಾಬೂನಿನಂಥ ಪದಾರ್ಥದ ಜೊತೆ ಕಲಸಿ ಕುಲುಮೆಗಿಡುತ್ತಾರೆ. ಸಾಬೂನು ಸುಟ್ಟುಹೋಗಿ, ಅದಿದ್ದ ಜಾಗವೆಲ್ಲ ತೂತಾಗಿ ಉಳಿಯುತ್ತದೆ. ಆ ತೂತುಗಳ ಗೋಡೆಗೆ ಚಿನ್ನದ ನ್ಯಾನೊ ಕಣಗಳನ್ನು ಕೂರಿಸಬೇಕು. ಒಂದು ಗ್ರಾಂ ಪುಡಿಯ ಒಳಗೋಡೆಗಳನ್ನೆಲ್ಲ ಬಿಚ್ಚಿ ಹಾಸಿದರೆ ಪಕ್ಕದ ವೊಲಂಗಾಂಗ್ ಊರೇ ಮುಚ್ಚಿಹೋಗುತ್ತದೆ ಎಂದು ನಾನು ಬರೆದುಕೊಂಡಿದ್ದೆ. ರಾಟ್ಕಮ್ಮ ತಿದ್ದಿದರು: ಮೂರು ಟೆನಿಸ್ ಅಂಗಳ, ಅಷ್ಟೇ. ಸರಿ, ಮೂರು ಟೆನಿಸ್ ಅಂಗಳ. ಆದರೆ ಒಂದು ಚಿಟಿಕೆಯಲ್ಲಿ.

ಚಿನ್ನಕ್ಕೆ ಗುಲಾಬಿ ಬಣ್ಣ ಬರುವುದು ಅದು ಅಷ್ಟು ಸಣ್ಣಗಿದ್ದಾಗ ಮಾತ್ರ. ಕಣಗಳು ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟಿದರೆ ಪುಡಿ ಬೂದುಬಣ್ಣಕ್ಕೆ ತಿರುಗುತ್ತದೆ. ಬೂದುಬಣ್ಣಕ್ಕೆ ತಿರುಗಿದ ದಲ್ಲಾಳಿ ಯಾರ ಮದುವೆಯನ್ನೂ ಮಾಡಿಸಲಾರ. ಹಾಗೆ ಗಡ್ಡೆ ಕಟ್ಟಿಸುವ ದೊಡ್ಡ ಶತ್ರು ಉಪ್ಪು. ಚಿನ್ನ ಬರುವುದೇ ಉಪ್ಪಿನ ರೂಪದಲ್ಲಿ, ಹಾಗಾಗಿ ಪುಡಿಯನ್ನು ಚೆನ್ನಾಗಿ ತೊಳೆಯಬೇಕು. ರಾಟ್ಕಮ್ಮ ಹನ್ನೆರಡು ಸಲ ತೊಳೆಯುತ್ತಾರೆ, ಕೆಲವೊಮ್ಮೆ ಹದಿನಾಲ್ಕು. ತೊಳೆದ ನೀರಿಗೆ ಬೆಳ್ಳಿಯ ದ್ರಾವಣದ ಒಂದು ಹನಿ ಬಿಡುತ್ತಾರೆ. ನೀರು ತೆಳು ಮಜ್ಜಿಗೆಯಂತೆ ಕದಡಿದರೆ ಉಪ್ಪು ಇನ್ನೂ ಇದೆ ಎಂದರ್ಥ. ಕದಡದಿದ್ದರೆ, ಅವರ ಮಾತಿನಲ್ಲೇ, "ನೀರು ಸುಮ್ಮನಾಯ್ತು."

ದಿನದ ಲೆಕ್ಕ ಕೇಳಿ. ಮೂರು ಕುಲುಮೆ, ಮೂರಕ್ಕೂ ರಾಟ್ಕಮ್ಮನ ತಂದೆಯ ಮೂವರು ತಂಗಿಯರ ಹೆಸರು. ನಿಮಿಷಕ್ಕೆ ಒಂದು ಡಿಗ್ರಿಯಂತೆ ಐನೂರೈವತ್ತಕ್ಕೆ ಏರಿಸಲು ಒಂಬತ್ತು ಗಂಟೆ. ತೊಳೆಯಲು ನಲವತ್ತು ಲೀಟರು ಬಟ್ಟಿ ಇಳಿಸಿದ ನೀರು. ಇಷ್ಟೆಲ್ಲ ಆದ ಮೇಲೆ ಹದಿನೈದು ದಿನಕ್ಕೆ ಒಂದು ಸರಕು, ತೊಂಬತ್ತು ಗ್ರಾಂ ಪುಡಿ. ಅದರಲ್ಲಿರುವ ಚಿನ್ನ ಒಂದು ಮೂಗುಬೊಟ್ಟಿನಷ್ಟು. ಜಗತ್ತಿನ ಅತಿ ನಿಧಾನದ ಅಡುಗೆ ಇದೇ ಎಂದು ನಾನು ಯಾರ ಜೊತೆ ಬೇಕಾದರೂ ಪಣ ಕಟ್ಟುತ್ತೇನೆ.

ನಿಧಾನ ಅವರಿಗೆ ಬಂದದ್ದು ಬೇಕರಿಯಿಂದ. ಮ್ಯಾಸಿಡೋನಿಯದ ಬಿಟೊಲಾ ಹತ್ತಿರದ ಹಳ್ಳಿಯಿಂದ ಆರು ವರ್ಷದ ಹುಡುಗಿಯಾಗಿ ಬಂದವರು. ತಂದೆ ಇಲ್ಲಿನ ಉಕ್ಕಿನ ಕಾರ್ಖಾನೆಯ, ಕಲ್ಲಿದ್ದಲು ಕಾಯಿಸುವ ಕೋಕ್ ಒಲೆಗಳ ಮುಂದೆ ಇಪ್ಪತ್ತಾರು ವರ್ಷ ನಿಂತರು. ಮಗಳು ಹದಿನೈದಕ್ಕೆ ಶಾಲೆ ಬಿಟ್ಟು ಪಕ್ಕದ ಕ್ರಿಂಗಿಲಾದ ಬೇಕರಿ ಸೇರಿದರು. ಹದಿನೆಂಟು ವರ್ಷ ಬ್ರೆಡ್ಡು, ಪದರಪದರವಾಗಿ ಹೂರಣ ತುಂಬಿ ಬೇಯಿಸುವ ಬುರೆಕ್ಕು. ಗಂಡ ಬ್ಲಾಗೋಯಾನ ಬೆನ್ನು ಕಟ್ಟಡದ ಕೆಲಸದಲ್ಲಿ ಮುರಿದ ಮೇಲೆ ಸಂಬಳ ಸಾಲದೆ ಸಂಶೋಧನಾಲಯದ ನೆಲ ಒರೆಸುವ ಕೆಲಸಕ್ಕೆ ಬಂದರು.

"ಒರೆಸ್ತಾ ಇದ್ದೆ. ದಿನಾ ಒಂದು ಮೂಸೆ ಬಿರುಕು ಬಿಡೋದು. ದೊಡ್ಡ ದೊಡ್ಡ ಓದಿದೋರು ಸುತ್ತ ನಿಂತು ತಲೆ ಕೆರ್ಕೊಳ್ಳೋರು. ನಾನು ಹೇಳ್ದೆ, ಬಿಸಿ ಒಲೆ ಬಾಗಿಲು ಹಂಗೆ ಫಟ್ ಅಂತ ತೆಗೆದ್ರೆ ಬ್ರೆಡ್ಡೂ ಬಿರೀತದೆ. ಒಂದು ರಾತ್ರಿ ಅದರ ಪಾಡಿಗೆ ಬಿಡಿ." ಅವತ್ತಿನಿಂದ ಮೂಸೆ ಬಿರಿಯುವುದು ನಿಂತಿತು. ಕುಲುಮೆಯವನು ಕೆಲಸ ಬಿಟ್ಟಾಗ ಕೀಲಿಕೈ ಇವರ ಕೈಗೆ ಬಂತು. ಆಮೇಲೆ ಅಲ್ಲಿಂದ ಹೊರಟ ಮೂವತ್ತೊಂದು ವೈಜ್ಞಾನಿಕ ಪ್ರಬಂಧಗಳ ಪುಡಿಯೆಲ್ಲ ಈ ಕೈಯದೇ. ಪ್ರಬಂಧಗಳಲ್ಲಿ ಇವರ ಜಾಗ ಎಲ್ಲಿ ಎಂದು ಹುಡುಕಿದೆ. ಕಟ್ಟಕಡೆಯ ಪುಟ, ಕಟ್ಟಕಡೆಯ ಸಾಲು: ಕುಲುಮೆ ಸಹಾಯಕ್ಕೆ ವಂದನೆ. ಹೆಸರಿಲ್ಲ. ಓದಲು ಭೂತಗನ್ನಡಿ ತಂದಿದ್ದೆ, ಅದೂ ನಾಚಿಕೊಂಡಿತು.

ಇಂಥವರ ಕುಲುಮೆ ಈ ಬೇಸಿಗೆಯಲ್ಲಿ ಆರಿಹೋಗುವುದರಲ್ಲಿತ್ತು.

ಸಿಡ್ನಿಯ ಸುಗಂಧ ಕಾರ್ಖಾನೆಯೊಂದು ಒಂದು ಮಾತು ಕೊಟ್ಟಿತ್ತು: ಈ ಪುಡಿ ಮುನ್ನೂರು ಗಂಟೆ ಒಂದೇ ಸಮನೆ ಕೆಲಸ ಮಾಡಿ ತೋರಿಸಿದರೆ ನಮ್ಮ ದ್ರಾವಕದ ತೊಟ್ಟಿಗಳನ್ನೆಲ್ಲ ಕಿತ್ತು ಹಾಕುತ್ತೇವೆ. ಇಲ್ಲಿ ಬೇಸಿಗೆ ಶುರುವಾಗುವ ಡಿಸೆಂಬರಿನಲ್ಲಿ ಮೊದಲ ಪರೀಕ್ಷೆ, ಇವರ ಮಾತಿನಲ್ಲಿ 'ಓಟ'. ತೊಂಬತ್ತನೆಯ ಗಂಟೆಗೆ ಪುಡಿ ಸತ್ತಿತು. ಜನವರಿಯಲ್ಲಿ ಎರಡನೆಯದು. ಅರವತ್ತೊಂದನೆಯ ಗಂಟೆಗೇ ಸತ್ತಿತು. ಕಾರ್ಖಾನೆಯವರು ಇನ್ನೊಂದೇ ಅವಕಾಶ ಎಂದರು. ಸಂಶೋಧನಾಲಯದ ಮುಖ್ಯಸ್ಥ ಡಾ. ಡಂಕನ್ ಪೆಂಗೆಲ್ಲಿ ಆ ಒಂದು ಅವಕಾಶಕ್ಕೆ ಪರದೇಶದ ಯಂತ್ರಗಳು ಮಾಡಿದ ಪುಡಿ ತರಿಸುವ ಅರ್ಜಿ ತುಂಬಿಸಿ ಮೇಜಿನ ಮೇಲಿಟ್ಟುಕೊಂಡರು. ಆ ಪುಡಿ ಬಂದರೆ ಕುಲುಮೆಕೋಣೆ ಬೇಕಿಲ್ಲ. ಬಿಚ್ಚಿ ಗುಜರಿಗೆ ಹಾಕುವುದೆಂದು ತೀರ್ಮಾನ. ಕ್ಯಾಂಟೀನಿನಲ್ಲಿ ಯಾರೋ, ಅಜ್ಜಿಯ ಕೈರುಚಿಯಿಂದ ಕಾರ್ಖಾನೆ ನಡೆಯುತ್ತದೆಯೇ ಎಂದು ನಕ್ಕರಂತೆ. ಅದು ರಾಟ್ಕಮ್ಮನ ಕಿವಿಗೂ ಬಿತ್ತು.

ಪೆಂಗೆಲ್ಲಿ ಒಳ್ಳೆಯವರು. ನೇರವಾಗಿಯೇ ಕರೆದು ಕೇಳಿದರು. "ರಾಟ್ಕಾ, ನೀವು ಹನ್ನೆರಡು ಸಲ ತೊಳೀತೀರಂತೆ. ನಮ್ಮ ವಿಧಾನದಲ್ಲಿ ಮೂರು ಸಲ ಅಂತಿದೆ."

"ವಿಧಾನ ಬರೆದೋನು ಯಾವತ್ತಾದ್ರೂ ತೊಳೆದಿದ್ದಾನಾ?"

ಬರೆದವರು ಪೆಂಗೆಲ್ಲಿಯೇ. ತೊಳೆದಿರಲಿಲ್ಲ. ಅರ್ಜಿ ಮಾತ್ರ ಮೇಜಿನ ಮೇಲೆ ಹಾಗೇ ಇತ್ತು.

ರಾಟ್ಕಮ್ಮನಿಗೆ ಬೇಕರಿಯ ಒಂದು ಅಭ್ಯಾಸ ಇನ್ನೂ ಬಿಟ್ಟಿಲ್ಲ. ಬೇಕರಿಯಲ್ಲಿ ಒಲೆಯ ಪ್ರತಿ ಅರೆಯಿಂದ ಒಂದೊಂದು ಬ್ರೆಡ್ಡು ಎತ್ತಿಡುತ್ತಾರೆ. ದೂರು ಬಂದರೆ ಯಾವ ಅರೆಯದು ಹದಗೆಟ್ಟಿತು ಎಂದು ನೋಡಲು. ಹಾಗೆಯೇ ಇವರು ಪುಡಿ ಒಣಗಿಸುವ ಹನ್ನೆರಡು ತಟ್ಟೆಗಳಿಂದ ಒಂದೊಂದು ಚಮಚ ಬೇರೆ ಬೇರೆ ಶೀಶೆಗಳಲ್ಲಿ ಎತ್ತಿಡುತ್ತಾರೆ. ತಟ್ಟೆಗಳಿಗೆ ಸೀಮೆಸುಣ್ಣದಲ್ಲಿ ಅಂಕಿ. ಒಂದನೆಯದು ಬಾಗಿಲ ಬಳಿ, ಹನ್ನೆರಡನೆಯದು ಕಿಟಕಿ ಬಳಿ. ಯಾರೂ ಕೇಳದ, ಯಾರಿಗೂ ಬೇಡದ ಶೀಶೆಗಳು. ಸತ್ತುಹೋದ ಸರಕಿನ ಹನ್ನೆರಡು ಚಮಚಗಳಿಂದ ಅರ್ಧರ್ಧ ತೆಗೆದು ಅವರು ಮತ್ತೆ ಕುಲುಮೆಗಿಟ್ಟರು. ಓಟದಲ್ಲಿ ಪುಡಿಗೆ ಬೀಳುವ ಬಿಸಿಯನ್ನೇ ಒಂದು ರಾತ್ರಿ ಕೊಟ್ಟರು.

ಬೆಳಗ್ಗೆ ಹನ್ನೆರಡನ್ನೂ ಅಂಗಳದಲ್ಲಿ ಸಾಲಾಗಿಟ್ಟು ಹಕ್ಕಿಗಳ ಮುಂದೆ ಕೂತರು. ಒಂದು, ಎರಡು, ಮೂರು: ಎದೆ. ನಾಲ್ಕರಿಂದ ಸ್ವಲ್ಪ ಮಂಕು. ಎಂಟರ ಹೊತ್ತಿಗೆ ಎದೆಯೂ ಅಲ್ಲ, ರೆಕ್ಕೆಯೂ ಅಲ್ಲ. ಹನ್ನೆರಡನೆಯದು ಅಪ್ಪಟ ರೆಕ್ಕೆ. ಬಾಗಿಲಿನಿಂದ ಕಿಟಕಿಯ ಕಡೆಗೆ ಹೋಗುತ್ತ ಹೋಗುತ್ತ ಪುಡಿ ಕೆಟ್ಟಿತ್ತು. ಉಳಿಸಿಕೊಂಡಿದ್ದ ಹನ್ನೆರಡನೆಯ ತಟ್ಟೆಯ ಪುಡಿಯನ್ನು ಶುದ್ಧ ನೀರಿನಲ್ಲಿ ಕದಡಿ ಬೆಳ್ಳಿಯ ಹನಿ ಬಿಟ್ಟರು. ಮಜ್ಜಿಗೆ. ತೊಳೆದಾಗ ಸುಮ್ಮನಾಗಿದ್ದ ಪುಡಿಗೆ ಒಣಗುವಾಗ ಎಲ್ಲಿಂದ ಬಂತು ಉಪ್ಪು?

ಅವರು ಒಣಗಿಸುವ ಕೋಣೆಗೆ ಹತ್ತಿ ಹೋಗಿ, ಕಿಟಕಿಯ ದಂಡೆಯ ಮೇಲೆ ಬೆರಳೆಳೆದು ನಾಲಿಗೆಗೆ ಇಟ್ಟುಕೊಂಡರು. ಸುರಕ್ಷತಾ ಅಧಿಕಾರಿ ನೋಡಿದ್ದರೆ ಅಲ್ಲೇ ಪ್ರಾಣ ಬಿಡುತ್ತಿದ್ದ.

ಇಪ್ಪತ್ತೇಳು ವರ್ಷ ಪುಡಿ ಒಣಗುತ್ತಿದ್ದದ್ದು ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ. ಅದರ ಮಾಳಿಗೆ ಸೋರತೊಡಗಿತೆಂದು ನವೆಂಬರಿನಲ್ಲಿ ತಟ್ಟೆಗಳನ್ನು ಮೂರನೆಯ ಅಂತಸ್ತಿಗೆ ಏರಿಸಿದ್ದರು. ಅಲ್ಲಿ ಸಮುದ್ರಕ್ಕೆ ಮುಖ ಮಾಡಿದ ನಾಲ್ಕು ದೊಡ್ಡ ಕಿಟಕಿ. ಇನ್ನು ಈ ಕರಾವಳಿಯ ಬೇಸಿಗೆ ಎಂಥದೆಂದರೆ, ಮಧ್ಯಾಹ್ನದ ಹೊತ್ತಿಗೆ ಸೀಗಲ್ ಹಕ್ಕಿಗಳು ಹಾರುತ್ತಲೇ ಬೆಂದು ಕೆಳಗೆ ಬೀಳುತ್ತವೆ, ಜನ ಉಪ್ಪುಕಾರ ಹಾಕಿಕೊಂಡು ತಿನ್ನುತ್ತಾರೆ. ಸಂಜೆಗೆ ತೆಂಕಣ ಗಾಳಿ ನುಗ್ಗುತ್ತದೆ. ಹತ್ತು ನಿಮಿಷದಲ್ಲಿ ಹದಿನೈದು ಡಿಗ್ರಿ ಇಳಿಯುತ್ತದೆ. ಅದು ಬಂತೆಂದರೆ ಇಡೀ ಊರು ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಗಳತ್ತ ಓಡುತ್ತದೆ. ಪಾದ್ರಿ ಪ್ರಾರ್ಥನೆ ನಿಲ್ಲಿಸಿ ತೆರೆಯುತ್ತಾನೆ, ದಂತವೈದ್ಯ ಇಕ್ಕಳವನ್ನು ಬಾಯಲ್ಲೇ ಬಿಟ್ಟು ತೆರೆಯುತ್ತಾನೆ. ರಾಟ್ಕಮ್ಮನೂ ಹುಟ್ಟುಬುದ್ಧಿಯಂತೆ ಓಡಿ ನಾಲ್ಕೂ ಕಿಟಕಿ ತೆರೆದಿದ್ದರು. ಅಲೆಗಳ ನೆತ್ತಿ ಸವರಿ ಬಂದ ಗಾಳಿ ತನ್ನ ಉಪ್ಪನ್ನೆಲ್ಲ ತೂತುತೂತಾದ ಪುಡಿಯ ಮೇಲೆ ಸುರಿದು ಹೋಗಿತ್ತು.

ಅಂದರೆ ತಪ್ಪು ಯಾರದೂ ಅಲ್ಲ, ತನ್ನದೇ. ಗೊತ್ತಿದ್ದದ್ದು ಅವರೊಬ್ಬರಿಗೆ. ಹೇಳಿದರೆ ಕ್ಯಾಂಟೀನಿನ ನಗು ನಿಜವಾಗುತ್ತದೆ. ಹೇಳದಿದ್ದರೆ ಅರ್ಜಿ ಹೊರಡುತ್ತದೆ, ಕುಲುಮೆ ಗುಜರಿಗೆ ಹೋಗುತ್ತದೆ. ಅಂದು ಬೆಳಗ್ಗೆ ಏನು ಯೋಚಿಸಿದಿರಿ ಎಂದು ಕೇಳಿದೆ. ಯೋಚಿಸಲು ಸಮಯ ಇರಲಿಲ್ಲ, ಮೆಟ್ಟಿಲು ಇಳಿಯುವುದಿತ್ತು ಎಂದರು.

ನೇರ ಪೆಂಗೆಲ್ಲಿಯ ಕೋಣೆಗೆ ಹೋದರು. ಆರು ಜನ ಸಭೆಯಲ್ಲಿದ್ದರು.

"ಡಂಕನ್, ನಿನ್ನ ಎರಡು ಓಟಾನೂ ಕೊಂದಿದ್ದು ನಾನೇ. ಮೇಲೆ ಬಾ, ಕಿಟಕಿ ನೆಕ್ಕು."

ಪೆಂಗೆಲ್ಲಿ ಹತ್ತಿ ಹೋದರು. ಹಿಂದೆ ಆರು ಜನ. ನಾಲ್ಕು ಪದವಿಗಳ ಒಡೆಯ, ಮೂರು ಖಂಡಗಳಲ್ಲಿ ಉಪನ್ಯಾಸ ಕೊಟ್ಟವರು ಬಗ್ಗಿ ಕಿಟಕಿಯ ದಂಡೆಗೆ ಬೆರಳೊತ್ತಿ ನೆಕ್ಕಿದರು. "ಉಪ್ಪು," ಎಂದರು. ಆರು ಜನರೂ ಸರದಿಯಲ್ಲಿ ನೆಕ್ಕಿದರು. ವಿಜ್ಞಾನದ ಚರಿತ್ರೆಯಲ್ಲಿ ಒಂದೇ ಕಿಟಕಿಯನ್ನು ಇಷ್ಟು ಓದಿದ ನಾಲಿಗೆಗಳು ನೆಕ್ಕಿದ ಇನ್ನೊಂದು ದಾಖಲೆ ಇಲ್ಲ.

ರಾಟ್ಕಮ್ಮ ಕೇಳಿದ್ದು ಒಂದೇ. "ಕೊನೇ ಓಟಕ್ಕೆ ನಾನೇ ಮಾಡ್ತೀನಿ, ಕಿಟಕಿ ಮುಚ್ಕೊಂಡು. ಅದೂ ಸತ್ರೆ ಕುಲುಮೆ ಬಿಚ್ಚೋಕೆ ಗುಜರಿಯೋನು ಬೇಡ, ಸ್ಪ್ಯಾನರ್ ತಂದು ನಾನೇ ಬಿಚ್ಚಿಕೊಡ್ತೀನಿ."

ಪೆಂಗೆಲ್ಲಿ ಅರ್ಜಿಯನ್ನು ಹರಿಯಲಿಲ್ಲ. ಮಡಚಿ ಖಾನೆಯೊಳಗಿಟ್ಟರು. ಹದಿನೈದು ದಿನ ಎಂದರು.

ಸಿಲಿಕಾ ಸುಟ್ಟಾಯಿತು, ಚಿನ್ನ ಕೂರಿಸಿದ್ದಾಯಿತು, ಹದಿಮೂರು ಸಲ ತೊಳೆದದ್ದಾಯಿತು, ನೀರು ಸುಮ್ಮನಾಯಿತು. ಇನ್ನು ಒಣಗಿಸುವುದು. ರಾಟ್ಕಮ್ಮ ಗೋಡೆ, ಕಿಟಕಿ, ನೆಲವನ್ನೆಲ್ಲ ಬಟ್ಟಿ ನೀರಿನಲ್ಲಿ ತೊಳೆದರು. ಬೆಳ್ಳಿಯ ಹನಿ ಬಿಟ್ಟು ಕೋಣೆಯನ್ನೂ ಸುಮ್ಮನಾಗಿಸಿದರು. ಮೈದಾ ಹಿಟ್ಟಿನ ಅಂಟು ಕಾಯಿಸಿ ಕಿಟಕಿಯ ಸಂದುಗಳಿಗೆ ಹಳೆಯ ಪತ್ರಿಕೆ ಮೆತ್ತಿದರು. ಹಿಟ್ಟಿಗೆ ಉಪ್ಪು ಹಾಕಿಲ್ಲ ಎಂದು ನನಗೆ ಎರಡೆರಡು ಸಲ ಹೇಳಿದ್ದಾರೆ.

ಎರಡನೆಯ ದಿನ ಹೊರಗೆ ನಲವತ್ಮೂರು ಡಿಗ್ರಿ. ಕೋಣೆಯೊಳಗೆ ನಲವತ್ತೇಳು. ರಾಟ್ಕಮ್ಮ ಕುರ್ಚಿಯನ್ನು ಕಿಟಕಿಗೆ ಆನಿಸಿ, ತಟ್ಟೆಗಳಿಗೆ ಎದುರಾಗಿ ಕೂತರು. ಅವರ ಬೆವರಿನಿಂದ ಕೆಳಗಿನ ಮಹಡಿಯ ಮಾಳಿಗೆ ಮತ್ತೆ ಸೋರಿತು ಎನ್ನುತ್ತಾರೆ. ನಾನು ನೋಡಿಲ್ಲ, ಆದರೆ ನಂಬಿದ್ದೇನೆ. ನಾಲ್ಕೂ ನಲವತ್ತಕ್ಕೆ ತೆಂಕಣ ಗಾಳಿ ಬಂತು. ಕಟ್ಟಡದ ಎಲ್ಲರೂ ಕಿಟಕಿಗಳತ್ತ ಓಡಿದರು. ಆದರೆ ಆ ಕಟ್ಟಡದ ಬಿಸಿ ಮೆಟ್ಟಿಲು ಹತ್ತಿ ಹೊರಗೆ ಹೋಗುವುದು ಮೇಲಿನ ಆ ನಾಲ್ಕು ಕಿಟಕಿಗಳಿಂದಲೇ. ಅವು ತೆರೆಯದಿದ್ದರೆ ಕೆಳಗಿನವರು ಹಬೆಯಲ್ಲಿಟ್ಟ ಕಡುಬು.

ಬಾಗಿಲು ಬಡಿದವನು ಸೆಮಿಸಿ ಟೌಫಾ. ಓಟ ನಡೆಸುವ ಉಕ್ಕಿನ ಕೊಳವೆಯ ಉಸ್ತುವಾರಿ ಅವನದು. ಟೊಂಗಾ ದ್ವೀಪಗಳವನು, ಬಾಗಿಲಿನಷ್ಟೇ ಅಗಲ, ಬಾಗಿಲಿಗಿಂತ ಎತ್ತರ.

"ಆಂಟಿ, ಒಂದೇ ಒಂದು ಬೆರಳು ಸಂದಿ ಬಿಡಿ. ಕೆಳಗೆ ಬೆಂದು ಹೋದ್ವಿ."

"ಬೇಯಿ ಮಗ. ಬೆಂದ್ರೆ ಸ್ವಲ್ಪ ಮೆತ್ತಗಾಗ್ತೀಯ."

"ಆಂಟಿ, ಡಂಕನ್ ಅಂಗಿ ಬಿಚ್ಚಿಬಿಟ್ಟಿದಾರೆ. ನೋಡೋಕಾಗ್ತಿಲ್ಲ."

"ಕಣ್ಣು ಮುಚ್ಕೊಳೋ ಗಲಾ. ಕಿಟಕಿ ತೆಗೆಯಲ್ಲ."

ಐವತ್ತಾರು ವರ್ಷದಿಂದ ತೆಂಕಣ ಗಾಳಿಗೆ ಕಿಟಕಿ ತೆರೆದ ಹೆಂಗಸು ಆ ಸಂಜೆ, ಬೆನ್ನ ಹಿಂದೆ ಗಾಜು ಗಡಗಡ ನಡುಗುತ್ತಿರುವಾಗ, ಹೊರಳಿಯೂ ನೋಡಲಿಲ್ಲ. ರಾತ್ರಿ ಒಂಬತ್ತಕ್ಕೆ ಗಾಳಿ ಸೋತು ಮಲಗಿತು.

ಓಟ ಶುರುವಾದದ್ದು ಫೆಬ್ರವರಿಯ ಹದಿನೇಳರಂದು. ಸಿಡ್ನಿಯಿಂದ ಬಂದ ಇಂಜಿನಿಯರಮ್ಮ ಕೊಳವೆಗೆ ಪುಡಿ ತುಂಬಿಸಿ ಮೊಹರು ಹಾಕಿದರು. ಮೊದಲ ಗಂಟೆಯ ಲೆಕ್ಕ: ನೂರು ಪಾಲಿನಲ್ಲಿ ಎಂಬತ್ತನಾಲ್ಕು ಪಾಲು ಬಾದಾಮಿ ಎಣ್ಣೆಯಾಗಿತ್ತು. ಮಾದರಿ ತೆಗೆಯುವ ನಲ್ಲಿ ತೆರೆದಾಗೆಲ್ಲ ಹೊರಡುವ ಪರಿಮಳ ಸೆಮಿಸಿಯ ಮೈಗೆ ಎಷ್ಟು ಮೆತ್ತಿತೆಂದರೆ, ಅವನ ಹೆಂಡತಿ, ಯಾವ ಕೇಕಿನಂಗಡಿಯವಳ ಹತ್ತಿರ ಹೋಗಿ ಬರುತ್ತೀ ಎಂದು ವಿಚಾರಣೆ ನಡೆಸಿದಳು. ಅರವತ್ತೊಂದನೆಯ ಗಂಟೆ ಬಂತು. ಎಂಬತ್ತನಾಲ್ಕು. ತೊಂಬತ್ತನೆಯ ಗಂಟೆ. ಎಂಬತ್ತನಾಲ್ಕು. ಇನ್ನೂರರ ಹೊತ್ತಿಗೆ ಕ್ಯಾಂಟೀನಿನಲ್ಲಿ ನಕ್ಕವರು ರಾಟ್ಕಮ್ಮನಿಗೆ ಬಾಗಿಲು ಹಿಡಿದು ನಿಲ್ಲತೊಡಗಿದರು. ಅವರು ಮಾತ್ರ ತಮ್ಮ ಪಾಡಿಗೆ ಮೊಸರಿನ ಜೊತೆ ಬುರೆಕ್ ತಿಂದು, ಮುಂದಿನ ಸರಕಿಗೆ ಸಿಲಿಕಾ ಕಲಸುತ್ತಿದ್ದರು. ಕುಲುಮೆ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲದ ಮೇಲೂ ಏಕೆ ಕಲಸುತ್ತಿದ್ದಿರಿ ಎಂದು ಕೇಳಿದೆ. "ಹಿಟ್ಟು ಕಲಸೋದು ನಾಳೆಗೆ. ಇವತ್ತಿಗೆ ಅಲ್ಲ," ಎಂದರು.

ಮುನ್ನೂರನೆಯ ಗಂಟೆಯ ಬೆಳಗ್ಗೆ ಸೆಮಿಸಿ ಸೊಂಟಕ್ಕೆ ಹೆಣೆದ ಚಾಪೆ ಸುತ್ತಿಕೊಂಡು ಬಂದ. ಅವರ ಜನ ಮದುವೆಗೂ ಸಾವಿಗೂ ಉಡುವ ಚಾಪೆ ಅದು.

"ಇದು ಯಾವುದಕ್ಕೋ ಉಟ್ಟಿರೋದು?" ರಾಟ್ಕಮ್ಮ ಕೇಳಿದರು.

"ಮುನ್ನೂರು ಆಗ್ಲಿ ಆಂಟಿ, ಹೇಳ್ತೀನಿ."

ಮುನ್ನೂರು ಆಯಿತು. ಇಂಜಿನಿಯರಮ್ಮ ತಾವೇ ಮಾದರಿ ತೆಗೆದು ಯಂತ್ರಕ್ಕೆ ಕೊಟ್ಟರು. ಎಂಬತ್ತನಾಲ್ಕು. ನಂಬದೆ ಇನ್ನೊಂದು ತೆಗೆದರು. ಎಂಬತ್ತನಾಲ್ಕು. ಕೊಳವೆ ತಣ್ಣಗಾದ ಮೇಲೆ ಮೊಹರು ಒಡೆದು ಪುಡಿಯನ್ನು ಬಿಳಿ ತಟ್ಟೆಗೆ ಸುರಿದರು. ಎಲ್ಲರೂ ರಾಟ್ಕಮ್ಮನ ಕಡೆ ನೋಡಿದರು, ಆ ಮನೆಯಷ್ಟು ಬೆಲೆಯ ಸೂಕ್ಷ್ಮದರ್ಶಕದ ಕಡೆ ಒಬ್ಬರೂ ನೋಡಲಿಲ್ಲ. ಅವರು ತಟ್ಟೆಯನ್ನು ಬಾಗಿಲ ಬೆಳಕಿಗೆ ವಾಲಿಸಿದರು.

"ಎದೆ."

"ಮದುವೆಗೆ, ಆಂಟಿ," ಎಂದ ಸೆಮಿಸಿ.

ಆಮೇಲೆ ಎದ್ದ ಕೇಕೆಗೆ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಬದಲಾಯಿತೆಂದು ತಿಳಿದು ನಾಲ್ಕು ನೂರು ಜನ ಮನೆಗೆ ಹೋದರು. ಸೆಮಿಸಿ ರಾಟ್ಕಮ್ಮನನ್ನು ಎತ್ತಿಕೊಂಡು ಅಂಗಳ ಸುತ್ತಿದ. ಇಳಿಸೋ ಗಲಾ, ಪುಡಿ ಚೆಲ್ಲುತ್ತೆ ಎಂದು ಅವರು ಅವನ ಬೋಳುತಲೆಗೆ ಕುಟ್ಟುತ್ತಲೇ ಇದ್ದರು. ಪೆಂಗೆಲ್ಲಿ ಖಾನೆಯಿಂದ ಆ ಅರ್ಜಿಯನ್ನು ತೆಗೆದು ಇನ್ನೆರಡು ಮಡಿಕೆ ಮಡಚಿ, ಕುಂಟುತ್ತಿದ್ದ ಕಾಫಿ ಮೇಜಿನ ಕಾಲಿಗೆ ಕೊಟ್ಟರು. ಈಗ ಮೇಜು ಬಂಡೆಯಂತೆ ನಿಂತಿದೆ.

ಸಿಡ್ನಿಯ ಕಾರ್ಖಾನೆ ಕೊಟ್ಟ ಮಾತು ಉಳಿಸಿಕೊಂಡಿದೆ. ಹನ್ನೊಂದು ದ್ರಾವಕದ ತೊಟ್ಟಿಗಳಲ್ಲಿ ಏಳು ಈಗಾಗಲೇ ಖಾಲಿ. ಅಲ್ಲಿ ಕೆಲಸ ಮಾಡುವವರು ಇಪ್ಪತ್ತು ವರ್ಷದ ಮೇಲೆ ಮೊದಲ ಸಲ ಮೂಗಿನ ಮುಖವಾಡ ತೆಗೆದು ಊಟಕ್ಕೆ ಹೋಗುತ್ತಿದ್ದಾರಂತೆ. ಪೋರ್ಟ್ ಕೆಂಬ್ಲಾಕ್ಕೆ ನಾಲ್ಕನೆಯ ಕುಲುಮೆ ಬರುತ್ತಿದೆ. ಅದಕ್ಕೆ ಹೆಸರಿಡಲು ತಂದೆಗೆ ಇನ್ನೊಬ್ಬ ತಂಗಿ ಇಲ್ಲದ್ದೇ ತಲೆನೋವು. ಲಿಖಿತ ವಿಧಾನವೂ ಬದಲಾಗಿದೆ. 'ಮೂರು ಸಲ ತೊಳೆಯಿರಿ' ಎಂಬುದನ್ನು ಹೊಡೆದು, ನೀರು ಸುಮ್ಮನಾಗುವವರೆಗೆ ತೊಳೆಯಿರಿ, ಕಿಟಕಿ ಮುಚ್ಚಿ ಒಣಗಿಸಿ ಎಂದು ಬರೆದಿದ್ದಾರೆ. ಹೊಸ ಪ್ರಬಂಧದಲ್ಲಿ ರಾಟ್ಕಾ ಸ್ಟೊಯಾನೊವ್ಸ್ಕಾ ಎಂಬ ಹೆಸರು ಮೊದಲ ಪುಟದಲ್ಲಿದೆ. ಐದನೆಯದು.

ಮೊದಲನೆಯದೇ ಆಗಬೇಕಿತ್ತು ಎಂದು ನಾನು ಕೂಗಾಡಿದೆ. ಅವರು ಕೈ ಬೀಸಿದರು. "ಐದು ಸಾಕು. ಮುಂದೆ ನಾಲ್ಕು ಜನ ಇದ್ರೆ ಗಾಳಿ ತಡೀತಾರೆ."

ಇಂಥ ಗೆಲುವಿನ ಮೇಲೆ ಏನು ಕೇಳಿದರೂ ಕೊಡುತ್ತಾರೆ. ಏನು ಕೇಳಿದಿರಿ ಎಂದೆ. ಸಂಬಳ, ರಜೆ, ಒಂದು ಫಲಕ? ಒಣಗಿಸುವ ಕೋಣೆಯ ಸಮುದ್ರದ ಕಡೆಯ ನಾಲ್ಕು ಕಿಟಕಿಗಳನ್ನು ಈಗ ಇಟ್ಟಿಗೆ ಕಟ್ಟಿ ಮುಚ್ಚಿದ್ದಾರೆ. ಒಳಗೆ ಟ್ಯೂಬ್ ಲೈಟಿನ ಬೆಳಕು. ಆ ಬೆಳಕು ಗುಲಾಬಿಯ ವಿಷಯದಲ್ಲಿ ಸುಳ್ಳು ಹೇಳುತ್ತದೆ ಎಂಬುದು ರಾಟ್ಕಮ್ಮನ ದೂರು. ಅದಕ್ಕೇ ಬೆಳಗಿನ ಆ ಸರ್ಕಸ್ಸು: ಶೀಶೆ, ಮೇಣ, ಮೂವತ್ತೆಂಟು ಮೆಟ್ಟಿಲು, ಕಟಕಟ ಮಂಡಿ.

"ಗುಡ್ಡದ ಕಡೆ ಗೋಡೆಗೆ ಒಂದು ಕಿಟಕಿ ಕೇಳಿದೀನಿ. ತೆರೆಯೋದಲ್ಲ, ಬರೀ ಗಾಜು. ಇಷ್ಟಗಲ." ಎರಡು ಅಂಗೈ ಚಾಚಿ ತೋರಿಸುತ್ತಾರೆ, ಒಂದು ಬ್ರೆಡ್ಡಿನ ತಟ್ಟೆಯಷ್ಟು. "ಅಲ್ಲೊಂದು ಮರ ಇದೆ, ಬೆಳಗ್ಗೆ ಗಲಾಗಳು ಕೂರ್ತವೆ. ಕೂತಲ್ಲಿಂದ್ಲೇ ಹೋಲಿಸಿ ನೋಡಬಹುದು."

ಹಕ್ಕಿಗೂ ಪುಡಿಗೂ ಯಾವತ್ತಾದರೂ ಬಣ್ಣ ಹೊಂದದೇ ಹೋದರೆ ಎಂದು ನಾನು ಕೊಂಕು ತೆಗೆದೆ. ರಾಟ್ಕಮ್ಮ ಶೀಶೆಯ ಮೇಲಿನ ಮೇಣವನ್ನು ಉಗುರಿನಿಂದ ಕೆರೆಯುತ್ತಲೇ ಇದ್ದರು.

"ಕಿಟಕಿ ಮುಚ್ಚಿ ಮಾಡಿರೋ ಪುಡಿ ಇದು," ಎಂದರು. "ಬಣ್ಣ ಹೊಂದಲಿಲ್ಲ ಅಂದ್ರೆ ಹಕ್ಕೀಲಿ ಏನೋ ಐಬಿದೆ."